ಮಂಗಳವಾರದ ಡಿಸ್ಚಾರ್ಜ್

ಮುನಿವೆಂಕಟಪ್ಪನವರು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ನಾನು ಡಾಕ್ಟರಿಗೆ ಹೇಳಿದೆ. ಉಳಿದರ್ಧವನ್ನು ನುಂಗಿಕೊಂಡೆ. ಕಿವಿಗೆ ಬೀಳಲಿಲ್ಲ ಎನ್ನುವ ಹಾಗಿಲ್ಲ, ಮರೆತೆ ಎನ್ನುವ ಹಾಗೂ ಇಲ್ಲ — ಕೇಳಿಸಿತ್ತು, ಅರ್ಥವಾಗಿತ್ತು, ಆಮೇಲೆ ನುಂಗಿದೆ.

ಇಷ್ಟು ಬರೆಯಲು ವರ್ಷಗಳು ಬೇಕಾದವು. ಬರೆದ ಮೇಲೆ ನೋಡಿದರೆ ತೀರ ಸಣ್ಣದಾಗಿ ಕಾಣುತ್ತದೆ, ಮೂರು ಸಾಲು. ನನಗೆ ಭಯವಾಗುವುದೇ ಅದಕ್ಕೆ. ಆ ಬೆಳಗನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೆ ಎಂದರೆ ಅದರ ಮೂಲೆಗಳೆಲ್ಲ ಸವೆದುಹೋಗಿವೆ. ಈಗ ಎಲ್ಲಿ ಮುಟ್ಟಿದರೂ ಚುಚ್ಚುವುದಿಲ್ಲ. ಹಾಗಾಗಿ ಎಲ್ಲೆಲ್ಲಿ ನುಣುಪಾಗಿ ಬರುತ್ತದೋ ಅಲ್ಲೆಲ್ಲ ನಿಂತು, ಇದು ನಡೆದದ್ದೋ ನಾನು ಉಜ್ಜಿದ್ದೋ ಎಂದು ಕೇಳಿಕೊಳ್ಳುತ್ತ ಬರೆಯುತ್ತೇನೆ. ಬರಹ ಎಡವಿದರೆ ಎಡವಲಿ.

ನನ್ನ ಹೆಸರು ವಿಜಯ. ಬಂಗಾರಪೇಟೆಯವಳು. ಅಮ್ಮ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದವಳಾದ್ದರಿಂದ ಮನೆಯಲ್ಲಿ ತಮಿಳು ಓಡಾಡುತ್ತಿತ್ತು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಿಂದಿಯನ್ನು ರೈಲಿನಲ್ಲೇ ಕಲಿತೆ. ಇಷ್ಟು ಭಾಷೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಬೆಂಗಳೂರಿನ ಅಂಚಿನಲ್ಲಿದ್ದ ಒಂದು ಹೃದಯದ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತು. ಆಪರೇಷನ್ನಿಗೆ ಬಂದವರ ಮನೆಯವರನ್ನು ಕೂರಿಸಿಕೊಂಡು ಏನು ಮಾಡುತ್ತಾರೆ, ಆಮೇಲೆ ಹೇಗೆ ನೋಡಿಕೊಳ್ಳಬೇಕು ಎಂದು ಅವರ ಮಾತಿನಲ್ಲಿ ತಿಳಿಸುವುದು. ಡಾಕ್ಟರು ರೌಂಡ್ಸಿಗೆ ಬಂದಾಗ ಹಾಸಿಗೆಯ ಪಕ್ಕ ನಿಂತು ಈಚೆಯ ಮಾತನ್ನು ಆಚೆಗೆ, ಆಚೆಯದನ್ನು ಈಚೆಗೆ ದಾಟಿಸುವುದು. ಅದು ನನ್ನ ಕೆಲಸ.

ನಮ್ಮ ಕಡೆಯವರು 'ಬದುಕುತ್ತಾರಾ?' ಎಂದು ಬಾಯಿಬಿಟ್ಟು ಕೇಳುವುದಿಲ್ಲ. 'ಎಷ್ಟ್ ದಿನ ಮಡಿಕ್ಕಂತಾರೆ?' ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು. ಹಸು ಕರೆಯುವವರು ಯಾರು, ಡೈರಿಗೆ ಹಾಲು ಹಾಕುವವರು ಯಾರು, ಯಾರು ರಜೆ ಹಾಕಬೇಕು, ಯಾರು ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಬೇಕು — ಎಲ್ಲವೂ ಆ ಒಂದು ಉತ್ತರಕ್ಕೆ ಕಾದಿರುತ್ತವೆ. ಬದುಕುತ್ತಾರಾ ಎಂಬುದೂ ಅದರೊಳಗೇ ಕೂತಿರುತ್ತದೆ. ನೀವು ಒಂದು ದಿನವನ್ನು ಹೇಳಿದಿರಿ ಎಂದರೆ, ಆ ದಿನ ಮನುಷ್ಯ ಎದ್ದು ನಡೆದು ಬರುತ್ತಾನೆ ಎಂದು ಮಾತು ಕೊಟ್ಟ ಹಾಗೆ.

ನಾನು ಸೇರಿ ಕೆಲವು ವರ್ಷಗಳಾದ ಮೇಲೆ ಆಸ್ಪತ್ರೆಗೆ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬಂತು. ರೋಗಿಯ ವಯಸ್ಸು, ಸಕ್ಕರೆ, ಕಿಡ್ನಿ, ಹೃದಯ ಎಷ್ಟು ಬಲವಾಗಿ ರಕ್ತ ದೂಡುತ್ತದೆ ಎಂಬುದನ್ನೆಲ್ಲ ತುಂಬಿಸಿದರೆ, ಆಪರೇಷನ್ ಆದ ಮೇಲೆ ಇವರು ಇಷ್ಟು ದಿನ ಇರುತ್ತಾರೆ ಎಂದು ಹೇಳುತ್ತಿತ್ತು. ಹಾಸಿಗೆ ಯಾವಾಗ ಖಾಲಿಯಾಗುತ್ತದೆ, ಮುಂದಿನವರನ್ನು ಯಾವಾಗ ಕರೆಸಬೇಕು ಎಂದು ತಿಳಿಯುವುದಕ್ಕಾಗಿ. ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಿತ್ತು. ನಮ್ಮ ಕಡೆಯವರ ವಿಷಯದಲ್ಲಿ ಮಾತ್ರ ಮೇಲಿಂದ ಮೇಲೆ ತಪ್ಪುತ್ತಿತ್ತು, ಯಾಕೆಂದರೆ ಅದಕ್ಕೆ ಮಂಗಳವಾರ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಮಂಗಳವಾರ ಯಾರೂ ಕರೆತರುವುದಿಲ್ಲ. ಕೆಲವರಿಗೆ ಶುಕ್ರವಾರವೂ ಆಗದು. ಅಮಾವಾಸ್ಯೆಯ ಮಾತೇ ಇಲ್ಲ. ಡಾಕ್ಟರು ಹೋಗಬಹುದು ಎಂದ ಮೇಲೂ ತಲೆಸುತ್ತು, ಹೊಟ್ಟೆನೋವು ಎಂದು ಏನೋ ನೆಪ ತೆಗೆದು ಒಂದು ರಾತ್ರಿ ತಳ್ಳುತ್ತಾರೆ. ಇಲ್ಲವೇ ಸೋಮವಾರ ಸಂಜೆಯೇ ಬಿಡಿ ಎಂದು ದುಂಬಾಲು ಬೀಳುತ್ತಾರೆ.

ನನಗೆ ಇದು ಗೊತ್ತಿತ್ತು. ಇನ್ನೂ ಏನೇನೋ ಗೊತ್ತಿತ್ತು — ಯಾವ ಮನೆಯಲ್ಲಿ ಸೊಸೆ ಬಾಣಂತಿ, ಯಾರ ಮನೆಗೆ ಕಡಿದಾದ ಮೆಟ್ಟಿಲು, ಯಾರಿಗೆ ಆಸ್ಪತ್ರೆಯ ಅನ್ನ ಸೇರುವುದಿಲ್ಲ. ಪ್ರೋಗ್ರಾಮ್ ಬುಧವಾರ ಎಂದರೆ ನಾನು ಗುರುವಾರ ಎನ್ನುತ್ತಿದ್ದೆ, ಗುರುವಾರ ಆಗುತ್ತಿತ್ತು. ದೊಡ್ಡ ಸರ್ಜನ್ನರು ಕನ್ನಡದವರೇ, ನಗಿಸುವ ಸ್ವಭಾವ. ನನಗೆ ಕಣಿಯಮ್ಮ ಎಂದು ಹೆಸರಿಟ್ಟರು. 'ಮಷಿನ್ನು ಏನಾದ್ರೂ ಅನ್ಲಿ, ನಮ್ಮ ಕಣಿಯಮ್ಮ ಏನಂತಾರೆ ಕೇಳಿ' ಎಂದು ಮೀಟಿಂಗಿನಲ್ಲೇ ಹೇಳುತ್ತಿದ್ದರು. ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿರುತ್ತಿದ್ದ ನಾನು, ಎಲ್ಲರೂ ತಿರುಗುವ ಆ ಗಳಿಗೆಗಾಗಿ —

ಇದನ್ನು ಬಿಡಿಸಿ ಹೇಳಬೇಕು. ಗೆದ್ದರೆ ಯಾರೂ ನನಗೇನೂ ಕೊಡುತ್ತಿರಲಿಲ್ಲ. ಸಂಬಳ ಏರುತ್ತಿರಲಿಲ್ಲ, ಕೆಲಸ ಬದಲಾಗುತ್ತಿರಲಿಲ್ಲ. ತಪ್ಪಿದರೆ ಒಂದು ನಗೆ, ಅಷ್ಟೆ. ಆ ನಗೆಯನ್ನು ತಪ್ಪಿಸಿಕೊಳ್ಳಲು ನಾನು ಮಾಡಿದ್ದು ಇದು.

ಮುನಿವೆಂಕಟಪ್ಪನವರು ಕ್ಯಾಸಂಬಳ್ಳಿಯ ಹತ್ತಿರದ ಹಳ್ಳಿಯವರು. ಎರಡು ಹಸು, ಒಂದಷ್ಟು ರಾಗಿ, ಬಾವಿಯ ಮಗ್ಗುಲಲ್ಲಿ ತರಕಾರಿ. ಬೀಡಿ ಸೇದಿ ಸೇದಿ ಕೆಮ್ಮು ಹತ್ತಿಸಿಕೊಂಡಿದ್ದರು. ಹೃದಯದ ನಾಳಗಳು ಕಟ್ಟಿಕೊಂಡಿದ್ದವು, ಬೈಪಾಸ್ ಆಗಬೇಕಿತ್ತು. ಜೊತೆಗೆ ಹೆಂಡತಿ ನಾರಾಯಣಮ್ಮ, ಮಗಳು ಭಾಗ್ಯ. ಭಾಗ್ಯಳನ್ನು ನಾನು ರೈಲಿನಲ್ಲಿ ಮೊದಲೇ ನೋಡಿದ್ದೆ. ವೈಟ್‌ಫೀಲ್ಡಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಬಾಯಿ ಜೋರು, ಸೀಟಿಗೆ ಜಗಳವಾಡಿ ಆಮೇಲೆ ಆ ಸೀಟನ್ನು ಯಾರೋ ಮುದುಕಿಗೆ ಬಿಟ್ಟುಕೊಡುವವಳು.

"ಅಕ್ಕಾ, ಕರೆಕ್ಟಾಗಿ ಏಳಿ, ಯಾವತ್ತು ಬಿಡ್ತಾರೆ? ಬುಧ್ವಾರ ನಾನು ಡ್ಯೂಟಿಗೆ ಓಗ್ಲೇಬೇಕು. ಇಲ್ದಿದ್ರೆ ಆ ಸೂಪರ್‌ವೈಸರ್ ನನ್ ಮಿಷನ್ನಿಗೆ ಬೇರೇರ್ನ ಕೂರಿಸ್ಬುಡ್ತಾನೆ."

"ಮಂಗಳವಾರ ಬಿಟ್ಟರೆ ಕರಕೊಂಡು ಹೋಗ್ತೀಯಾ?"

"ಯಾಕೋಗಲ್ಲ? ನಾನು ಅದೆಲ್ಲ ನೋಡಲ್ಲ. ಎದೇನೇ ಕುಯ್ದು ಒಲಿಯೋ ಕಾಲ್ದಾಗೆ ವಾರ ಏನ್ ವಾರ?"

"ಸುಮ್ಕಿರೇ, ಬಾಯಿಗೊಂದು ಅಳತೆ ಇಲ್ಲ ಇವ್ಳಿಗೆ" ಎಂದು ನಾರಾಯಣಮ್ಮ ಗದರಿದರು. ಮುನಿವೆಂಕಟಪ್ಪನವರು ಮಗಳ ಮಾತಿಗೆ ಮೀಸೆಯೊಳಗೇ ನಕ್ಕರು. ಅವಳ ಮೇಲೆ ಅವರಿಗೆ ಇದ್ದದ್ದು — ಹೆಮ್ಮೆ ಎಂದು ಬರೆಯಲು ಹೋದೆ. ಹೆಮ್ಮೆಯೇ ಇರಬಹುದು. ನನಗೆ ಆ ನಗು ನೆನಪಿದೆ, ಹೆಸರು ನಾನು ಈಗ ಇಡುತ್ತಿರುವುದು.

ಪ್ರೋಗ್ರಾಮ್ ಗುರುವಾರ ಎಂದಿತು. ನಾನು ಮಂಗಳವಾರ ಎಂದೆ.

"ಏನ್ರೀ ಕಣಿಯಮ್ಮ, ಮಂಗಳವಾರ ಅಂತ ನೀವೇ ಹೇಳ್ತಿದೀರಾ?" ಸರ್ಜನ್ನರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮಗಳು ಗಟ್ಟಿಗಿತ್ತಿ ಸರ್. ಎಳಕೊಂಡಾದ್ರೂ ಹೋಗ್ತಾಳೆ."

ನಕ್ಕರು. ನಾನೂ ನಕ್ಕೆ. ಮಂಗಳವಾರದ ವಿಷಯ ಬಲ್ಲವಳೆಂದು ಹೆಸರು ಮಾಡಿದ್ದ ನಾನು ಮಂಗಳವಾರವನ್ನೇ ಹೇಳಿ ಗೆದ್ದರೆ ಅದರ ರುಚಿಯೇ ಬೇರೆ ಎಂದು ಆಗ ಅನ್ನಿಸಿತ್ತು. ಆ ಸಂಜೆ ರೈಲಿನಲ್ಲಿ ಅದನ್ನೇ ನೆನೆಸಿಕೊಂಡು ಹೋದೆ. ಇದು ಉಜ್ಜಿದ್ದಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿಗೆ ಬಂದ ಮೇಲೆ ಮುನಿವೆಂಕಟಪ್ಪನವರು ಹಾಸಿಗೆಯ ಮೇಲೆ ದಿಂಬು ಅಪ್ಪಿಕೊಂಡು ಕೂತು, ಎದೆಯ ಮೂಳೆಯನ್ನು ತಂತಿಯಿಂದ ಬಿಗಿದಿದ್ದಾರೆ ಎಂದು ನಾನು ವಿವರಿಸುವುದನ್ನು ಕೇಳಿ, "ನಮ್ ಬೇಲಿಗೂ ಇಷ್ಟು ತಂತಿ ಸುತ್ತಿಲ್ವಲ್ಲ ಮೇಡಮ್ಮ, ಇನ್ನೆಲ್ಲಿ ದನ ನುಗ್ತೈತೆ ಬುಡಿ" ಎಂದರು. ಪಕ್ಕದ ಹಾಸಿಗೆಯವರೂ ನಕ್ಕು, ನಕ್ಕಿದ್ದಕ್ಕೆ ನೋವಾಗಿ ಬೈದರು.

ಆಗ ನಾನು ಎಲ್ಲರಿಗೂ ಹೇಳುವ ಮಾತನ್ನು ಅವರಿಗೂ ಹೇಳಿದೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಗಟ್ಟಿಯಾಗಿ ಒತ್ತಿಕೊಳ್ಳಿ. ಕೈ ಊರಿ ಏಳಬೇಡಿ. ಕೆಮ್ಮಿದಾಗ ಒಳಗೆ ಏನಾದರೂ ಸದ್ದಾದರೆ, ಮೂಳೆ ಅಲ್ಲಾಡಿದ ಹಾಗೆ ಅನ್ನಿಸಿದರೆ, ತಕ್ಷಣ ಹೇಳಿ. ಮುಚ್ಚಿಡಬೇಡಿ.

"ಏಳ್ತೀನಿ ತಾಯಿ" ಎಂದರು.

ಹೇಳಿದರು. ನಾನು ಹೇಳಿಕೊಟ್ಟ ಹಾಗೆಯೇ ಹೇಳಿದರು.

ಆ ಮಂಗಳವಾರದ ಬೆಳಗನ್ನು ನೆನೆದಾಗಲೆಲ್ಲ ನನಗೆ ಒಂದು ಕಿಟಕಿ ಕಾಣುತ್ತದೆ, ಕಿಟಕಿಯಿಂದ ಬಿಸಿಲು ಅವರ ಹೊದಿಕೆಯ ಮೇಲೆ ಬಿದ್ದಿರುತ್ತದೆ. ಆ ವಾರ್ಡಿನಲ್ಲಿ ಆ ಕಡೆ ಕಿಟಕಿಯೇ ಇರಲಿಲ್ಲ. ಕಿಟಕಿ ಎಲ್ಲಿಂದ ಬಂತು ಗೊತ್ತಿಲ್ಲ. ನನ್ನ ಮನಸ್ಸಿಗೆ ಆ ಗಳಿಗೆಯಲ್ಲಿ ನೋಡುವುದಕ್ಕೆ ಬೇರೆ ಏನಾದರೂ ಬೇಕಾಗಿರಬೇಕು, ಅವರ ಮುಖ ಬಿಟ್ಟು. ಇದ್ದದ್ದು ಟ್ಯೂಬ್‌ಲೈಟು. ಭಾಗ್ಯ ಕೆಳಗೆ ಬಿಡುಗಡೆಯ ಕಾಗದಗಳ ಸಾಲಿನಲ್ಲಿ ನಿಂತಿದ್ದಳು. ನಾರಾಯಣಮ್ಮ ಫ್ಲಾಸ್ಕಿಗೆ ಬಿಸಿನೀರು ತರಲು ಹೋಗಿದ್ದರು. ರೌಂಡ್ಸಿಗೆ ಬಂದವರು ಉತ್ತರದ ಕಡೆಯ ಕಿರಿಯ ಡಾಕ್ಟರು, ಕನ್ನಡ ಬರುತ್ತಿರಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೊಲಿಗೆ ನೋಡಿದರು, ಒಣಗಿತ್ತು. ಜ್ವರ ಇರಲಿಲ್ಲ. ಇವತ್ತು ಮನೆಗೆ ಎಂದರು. ನಾನು ಅದನ್ನು ದಾಟಿಸಿದೆ.

ಮುನಿವೆಂಕಟಪ್ಪನವರು ದಿಂಬನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಇವತ್ತು ಬ್ಯಾಡ ಮೇಡಮ್ಮ. ಮಂಗ್ಳಾರ. ಅದೂ ಅಲ್ದೆ, ಕೆಮ್ಮಿದ್ರೆ ಲೋಪಲ ಕಟಕ್ ಅಂತೈತೆ. ಮೂಳೆ ಮ್ಯಾಲೆ ಮೂಳೆ ಜರುಗ್ದಂಗೆ. ನಿನ್ನೆಯಿಂದ."

ಲೋಪಲ, ಒಳಗೆ. ಹೆದರಿದಾಗ ಅವರು ತೆಲುಗಿಗೆ ಜಾರುತ್ತಿದ್ದರು. ಮೊದಲರ್ಧ ಪೂರಾ ಕನ್ನಡ, ಎರಡನೆಯ ಅರ್ಧ ಪೂರಾ ತೆಲುಗು ಎಂದು ನನ್ನ ನೆನಪು ಬಹಳ ದಿನ ಹೇಳುತ್ತಿತ್ತು. ಹಾಗಿದ್ದರೆ ನನಗೆ ಅನುಕೂಲ ನೋಡಿ — ಮಾತಿನ ನಡುವೆ ಮೊದಲೇ ಒಂದು ಗೆರೆ ಇತ್ತು, ನಾನು ಕತ್ತರಿಸಿದ್ದಲ್ಲ, ಅದೇ ಹರಿದದ್ದು ಎನ್ನಬಹುದು. ಗೆರೆ ಇರಲಿಲ್ಲ. ಎರಡನ್ನೂ ಕಲಸಿಯೇ ಹೇಳಿದರು, ಒಂದೇ ಉಸಿರಿನಲ್ಲಿ.

"ಏನಂತೆ?" ಡಾಕ್ಟರು ಹಿಂದಿಯಲ್ಲಿ ಕೇಳಿದರು. ಆಗಲೇ ಮುಂದಿನ ಹಾಸಿಗೆಯ ಕಡೆ ಅರ್ಧ ತಿರುಗಿದ್ದರು.

"ಇವತ್ತು ಮಂಗಳವಾರವಂತೆ. ಮನೆಗೆ ಹೋಗೋದಿಲ್ಲವಂತೆ."

ಡಾಕ್ಟರು ನಕ್ಕರು. ಒಳ್ಳೆಯ ಹುಡುಗ, ಕೆಟ್ಟ ನಗೆಯಲ್ಲ. "ಮಂಗಳವಾರ ಕಾಯಿಲೆ ಅಲ್ಲ ಅಂತ ಹೇಳಿ" ಎಂದರು, ಸಹಿ ಹಾಕಿದರು.

ಕೇಳಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಎಷ್ಟು ಹೊತ್ತು ಇತ್ತು? ಇರಲೇ ಇಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ. ಯೋಚಿಸಲಿಲ್ಲ, ಬಾಯಿಗೆ ಬಂತು, ಗಡಿಬಿಡಿ, ರೌಂಡ್ಸು… ನಂಬಬೇಡಿ. ಯೋಚಿಸಿದ್ದೆ. ಕಟಕ್ ಎಂಬ ಮಾತು ಕೇಳಿದ ಕೂಡಲೇ ನನಗೆ ಹೊಳೆದದ್ದು ಮೂಳೆಯಲ್ಲ. ಇದನ್ನು ಹೇಳಿದರೆ ಎಕ್ಸ್‌ರೇ ಎನ್ನುತ್ತಾರೆ, ದೊಡ್ಡ ಡಾಕ್ಟರು ನೋಡಲಿ ಎನ್ನುತ್ತಾರೆ, ಇವತ್ತು ಹೋಗುವುದಿಲ್ಲ — ಅದು ಹೊಳೆಯಿತು. ಗುರುವಾರ ಆಗಿಬಿಡುತ್ತದೆ. ಮಷಿನ್ನು ಹೇಳಿದ ಗುರುವಾರ. ಹೊಳೆದದ್ದನ್ನು ನೋಡಿದೆ, ನಾಚಿಕೆಯಾಯಿತು ಕೂಡ. ನಾಚಿಕೆಯಾದ ಮೇಲೂ ಹೇಳಲಿಲ್ಲ.

ಆಮೇಲೆ — ಆಮೇಲೆ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು. ಭಾಗ್ಯ ಬಂದಳು. ಅಪ್ಪನಿಗೆ ಹೊಸ ಪಂಚೆ ಉಡಿಸಿದಳು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ದಿಂಬಿನ ಸಮೇತ ಕೂರಿಸಿ ಕರೆದುಕೊಂಡು ಹೋದಳು. ಸಂಜೆ ಸರ್ಜನ್ನರು ಎದುರಾಗಿ ನನಗೆ ಕೈಮುಗಿದು, "ಸೋತೆವು ಕಣಿಯಮ್ಮ" ಎಂದರು.

ಮುಂದಿನ ವಾರ ಮುನಿವೆಂಕಟಪ್ಪನವರನ್ನು ಮತ್ತೆ ತಂದರು. ಜ್ವರ ಸುಡುತ್ತಿತ್ತು, ಹೊಲಿಗೆ ಬಾಯಿಬಿಟ್ಟಿತ್ತು. ಕೆಮ್ಮಿಗೆ ತಂತಿ ಸಡಿಲಾಗಿ ಮೂಳೆ ಬೇರೆಯಾಗಿ, ಒಳಗೆ ಕೀವು ಸೇರಿತ್ತು. ಮತ್ತೆ ತೆರೆದರು, ತೊಳೆದರು. ಮತ್ತೊಮ್ಮೆ. ಐಸಿಯುವಿನ ಹೊರಗೆ ನಾರಾಯಣಮ್ಮ ಗೋಡೆಗೆ ಒರಗಿ ಕೂತಿರುತ್ತಿದ್ದರು. ಈ ಸಲ ಎಷ್ಟು ದಿನ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಒಂದು ತಿಂಗಳು ಕಳೆಯುವ ಮೊದಲೇ ಮುನಿವೆಂಕಟಪ್ಪನವರು ತೀರಿಹೋದರು.

ಪ್ರೋಗ್ರಾಮಿನ ಲೆಕ್ಕದಲ್ಲಿ ಅವರ ಮೊದಲ ವಾಸ ಮಂಗಳವಾರಕ್ಕೆ ಮುಗಿದಿತ್ತು. ಎರಡನೆಯ ಸಲ ಬಂದದ್ದು ಬೇರೆ ಲೆಕ್ಕ. ನಾನು ಹೇಳಿದ್ದು ಸರಿ ಎಂದೇ ಉಳಿಯಿತು.

ಅವತ್ತೇ ಹೇಳಿದ್ದರೆ ಬದುಕುತ್ತಿದ್ದರೇ? ಆಮೇಲೆ ಬೇರೊಬ್ಬ ಡಾಕ್ಟರನ್ನು, ಯಾರದೋ ಕಥೆ ಎಂಬಂತೆ ಕೇಳಿದೆ. ಬೇಗ ಗೊತ್ತಾದರೆ ಮತ್ತೆ ಬಿಗಿಯಬಹುದಿತ್ತು, ಆದರೂ ಖಂಡಿತ ಎನ್ನಲಾಗದು, ಬೀಡಿ ಸೇದುವವರಿಗೆ ಹೀಗಾಗುವುದುಂಟು ಎಂದರು. ಆ 'ಆದರೂ' ಎಂಬುದನ್ನು ನಾನು ವರ್ಷಗಟ್ಟಲೆ ಮುಲಾಮಿನಂತೆ ಹಚ್ಚಿಕೊಂಡೆ. ಇನ್ನು ಸಾಕು.

ತಿಥಿಗೆ ಹೋಗಿದ್ದೆ. ಆಸ್ಪತ್ರೆಯ ಮೇಡಮ್ಮ ಬಂದವ್ರೆ ಎಂದು ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಮುನಿವೆಂಕಟಪ್ಪನವರ ತಮ್ಮ ಕೃಷ್ಣಪ್ಪ ಬಂದವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು:

"ಡಾಕ್ಟ್ರು ಏನ್ ಮಾಡ್ತಾರೆ? ಅವ್ರು ಚಂದಾಗೇ ಮಾಡಿ ಕಳ್ಸಿದ್ರು. ನಮ್ಮಣ್ಣ ಇವತ್ತು ಮಂಗ್ಳಾರ ಬ್ಯಾಡ ಕಣಮ್ಮ ಅಂತ ಬಡ್ಕಂಡವ್ನೆ. ಈ ಮಾರಾಣಿ ಕೇಳ್ಬೇಕಲ್ಲ! ಡ್ಯೂಟಿ ಅಂತೆ ಡ್ಯೂಟಿ. ಅಪ್ಪನ್ನ ಮಂಗ್ಳಾರ ಒಸ್ಲು ದಾಟಿಸಿದ್ಲು, ದಾಟಿಸಿಯೇಬುಟ್ಲು."

ಭಾಗ್ಯ ಎಲೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಬಾಯಿ ಜೋರಿನ ಹುಡುಗಿ. ನಾನು ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಮುಂದೆಯೂ ಎಲೆ ಬಂತು. ಉಂಡೆ. ಉಂಡು ಬಂದೆ.

ಅಂದಿನಿಂದ ಇಂದಿನವರೆಗೆ ನಾನೂ ಭಾಗ್ಯಳೂ ಒಂದೇ ರೈಲಿನಲ್ಲಿ ಓಡಾಡುತ್ತಿದ್ದೇವೆ. ನಾನು ಆ ಆಸ್ಪತ್ರೆ ಬಿಟ್ಟೆ. ಈಗ ಒಂದು ಕಣ್ಣಿನ ಆಸ್ಪತ್ರೆಯಲ್ಲಿದ್ದೇನೆ, ಅಲ್ಲಿ ಯಾರೂ ಉಳಿಯುವುದಿಲ್ಲ. ಬೆಳಿಗ್ಗೆ ಬಂದವರು ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಹೋಗುತ್ತಾರೆ. ಅದಕ್ಕೇ ಸೇರಿದೆನೋ, ಕೆಲಸ ಸಿಕ್ಕಿತೆಂದು ಸೇರಿ ಆಮೇಲೆ ಈ ಕಾರಣ ಕೊಟ್ಟುಕೊಂಡೆನೋ, ಹೇಳಲಾರೆ. ಭಾಗ್ಯ ನನ್ನನ್ನು ಕಂಡರೆ ಸೀಟು ಹಿಡಿದು ಕೂಗುತ್ತಾಳೆ. ಅವರೆಕಾಯಿ ಕಾಲಕ್ಕೆ ಹೊಲದಿಂದ ಚೀಲ ತುಂಬಿಸಿ ತರುತ್ತಾಳೆ: "ತಗಳಿ ಅಕ್ಕಾ, ನಮ್ಮಪ್ಪನ್ನ ಎಷ್ಟು ಚೆನ್ನಾಗಿ ನೋಡ್ಕಂಡ್ರಿ ನೀವು." ನಾನು ಅದನ್ನು ಮನೆಗೆ ತಂದು ಬಿಡಿಸಿ, ನೆನೆಸಿ, ಹಿಚುಕಿ ಸಾರು ಮಾಡಿ ತಿಂದಿದ್ದೇನೆ. ಪ್ರತಿ ಚಳಿಗಾಲದಲ್ಲೂ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು. ರುಚಿಯಾಗಿಯೇ ಇತ್ತು.

ಊರಿನಲ್ಲಿ ಅವಳ ಪಾಡು ಏನೆಂದು ಅವಳೇ ರೈಲಿನಲ್ಲಿ ನಗುತ್ತ ನಗುತ್ತ ಹೇಳಿದ್ದು. ಕೃಷ್ಣಪ್ಪನ ಮಗಳಿಗೆ ಹೆರಿಗೆಯಾಗಿ ಬಾಣಂತಿಯನ್ನು ಮನೆಗೆ ಕರೆತರುವಾಗ ಎಲ್ಲರೂ ಆಸ್ಪತ್ರೆಗೆ ಹೊರಟರು, ಇವಳೂ ಚಪ್ಪಲಿ ಮೆಟ್ಟಿದಳು. ನೀನು ಮನೇಲಿರಮ್ಮ, ಅಡಿಗೆ ನೋಡ್ಕೊ ಎಂದರು. ಮದುವೆ ಮಾತುಕತೆಗೆ ಬಂದವರ ಕಿವಿಗೂ ಅದು ಬಿತ್ತು. ಒಂದು ಸಂಬಂಧ ಅಲ್ಲೇ ನಿಂತಿತು. ಇನ್ನೊಂದು ಯಾಕೆ ನಿಂತಿತು ಅವಳಿಗೆ ಗೊತ್ತಿಲ್ಲ. "ನನ್ಗೂ ಒಂದೊಂದ್ಸಲ ಅನ್ಸುತ್ತೆ ಅಕ್ಕಾ. ಒಂದು ದಿನ ತಡ್ಕಂಡಿದ್ರೆ ಏನ್ ಗಂಟು ಓಗ್ತಿತ್ತು?" ಎಂದಳು. ವಾರ ಏನ್ ವಾರ ಎಂದಿದ್ದವಳು. ನಾನು ಕಿಟಕಿಯಾಚೆ ನೋಡಿದೆ. ರೈಲಿನಲ್ಲಿ ಕಿಟಕಿ ಇತ್ತು, ಇದು ಖಾತ್ರಿ.

ಕಳೆದ ವಾರ ಅವಳು ನನ್ನ ಪಕ್ಕ ಬಂದು ಕೂತಳು. ನಾರಾಯಣಮ್ಮನವರಿಗೆ ಹೃದಯದ ಒಂದು ವಾಲ್ವ್ ಕೆಟ್ಟಿದೆಯಂತೆ, ಎದೆ ತೆರೆದು ಬದಲಾಯಿಸಬೇಕಂತೆ.

"ಎಷ್ಟು ದಿನ ಆಗ್ಬೋದು ಅಕ್ಕಾ?"

"ಅದೆಲ್ಲ ಈಗ ನಾನು ಹೇಳಲ್ಲ ಭಾಗ್ಯ."

"ನೀವು ಏಳಿದ್ ದಿನ ತಪ್ಪೋದಿಲ್ಲ. ಮನೆಗೆ ಕಳ್ಸೋ ದಿನ ಯಾವ್ದು ಅಂತ ಗೊತ್ತಾದ್ರೆ ಸಾಕು."

"ರಜೆ ಹಾಕೋದಕ್ಕಾ?"

"ಅಯ್ಯೋ, ಅಲ್ಲ. ಆವತ್ತು ನಾನು ಅಲ್ಲಿರಬಾರ್ದು, ಅದ್ಕೆ." ನಗುತ್ತಲೇ ಹೇಳಿದಳು. "ಅಮ್ಮಾನೇ ಏಳಿದ್ಲು. ಆಪ್ರೇಷನ್ ದಿನ ಬಾ, ಬೇಕಾದ್ರೆ ರಾತ್ರೆ ಮಲ್ಗು, ಕರ್ಕಂಡೋಗೋ ದಿನ ಮಾತ್ರ ನೀ ಬ್ಯಾಡ ಕಣಮ್ಮೀ ಅಂದ್ಲು. ಬೈದು ಏಳಿಲ್ಲ ಅಕ್ಕಾ. ತಲೆ ಸವರಿ ಏಳಿದ್ಲು. ಅವ್ಳಿಗೂ ಬದುಕ್ಬೇಕು ಅಂತ ಆಸೆ ಇರಲ್ವಾ?"

ಬಂಗಾರಪೇಟೆ ಬಂತು. ಇಳಿದೆವು. ಪ್ಲಾಟ್‌ಫಾರ್ಮಿನ ಮೇಲೆ ಜನ ಓಡುತ್ತಿದ್ದರು, ಅವಳೂ ಕ್ಯಾಸಂಬಳ್ಳಿ ಬಸ್ಸಿಗೆ ಓಡಬೇಕಿತ್ತು. ಅವಳ ಕೈ ಹಿಡಿದು ನಿಲ್ಲಿಸಿದೆ. ಹೇಳಿದೆ.

ಧೈರ್ಯ ಬಂದು ಹೇಳಿದ್ದಲ್ಲ. ತಲೆ ಸವರಿ ಹೇಳಿದ್ದು ಎಂಬ ಆ ಮಾತನ್ನು ಹೊತ್ತುಕೊಂಡು ಮನೆಯವರೆಗೆ ನಡೆಯಲು ನನ್ನಿಂದ ಆಗುತ್ತಿರಲಿಲ್ಲ. ನಿಮ್ಮಪ್ಪ ಅವತ್ತು ಮಂಗಳವಾರ ಎಂದಷ್ಟೇ ಹೇಳಲಿಲ್ಲ, ಒಳಗೆ ಕಟಕ್ ಅನ್ನುತ್ತದೆ ಎಂದೂ ಹೇಳಿದ್ದರು, ನಾನು ಡಾಕ್ಟರಿಗೆ ಹೇಳಲಿಲ್ಲ, ನನ್ನ ಲೆಕ್ಕ ತಪ್ಪಬಾರದೆಂದು ಹೇಳಲಿಲ್ಲ ಎಂದೆ. ನೀನು ಕರೆದುಕೊಂಡು ಹೋದದ್ದಕ್ಕೆ ಏನೂ ಆಗಲಿಲ್ಲ ಎಂದೆ.

ಅವಳು ಬಸ್ಸಿನ ದಾರಿ ನೋಡುವುದನ್ನು ಬಿಟ್ಟು ಪೂರ್ತಿ ನನ್ನ ಕಡೆ ತಿರುಗಿದಳು. ನಮ್ಮ ರೈಲು ಇನ್ನೂ ಅಲ್ಲೇ ನಿಂತಿದ್ದ ನೆನಪು.

"ನಮ್ಮಪ್ಪ ನಿಮ್ಗೆ ಏಳಿದ್ನಾ?"

"ಹೇಳಿದರು."

"ನೀವು ಏಳ್ಲಿಲ್ಲ."

"ಇಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಕಾದೆ. ಅವಳ ಬಾಯಿಂದ ಅಕ್ಕ ಎಂಬ ಮಾತು ಹೋಗಿತ್ತು.

"ನನ್ಗೆ ಯಾಕೆ ಏಳ್ತೀರಾ? ನನ್ಗೆ ಏಳಿ ನೀವು ಅಗುರಾದ್ರಿ. ನಾನೋಗಿ ಏಳಿದ್ರೆ ಯಾರ್ ನಂಬ್ತಾರೆ? ತಪ್ಪು ಮಾಡಿ ಈಗ ಮೇಡಮ್ಮನ ಮ್ಯಾಲೆ ಆಕ್ತಾಳೆ ಅಂತಾರೆ. ಬರೋ ಭಾನ್ವಾರ ಮನೆಗೆ ಬನ್ನಿ. ಚಿಕ್ಕಪ್ಪನ್ನೂ ಕರ್ಸಿರ್ತೀನಿ. ಅಮ್ಮನ ಮುಂದೆ, ಅವನ ಮುಂದೆ, ಈ ಬಾಯಲ್ಲೇ ಏಳಿ."

"ಬರ್ತೀನಿ."

ಹೊರಟವಳು ತಿರುಗಿ ಬಂದಳು.

"ಒಂದು ಅರ್ಥ ಆಗ್ತಿಲ್ಲ. ಮನೆಗೆ ಬಂದ್ಮೇಲೂ ಆ ಸದ್ದು ಬರ್ತಿತ್ತು. ನಾನೇ ಕೇಳಿಸ್ಕಂಡೆ. ಅಪ್ಪ, ಡಾಕ್ಟ್ರಿಗೆ ಏಳಿದ್ಯಾ ಅಂತ ಕೇಳ್ದೆ. ಏಳಿವ್ನಿ, ಏನೂ ಇಲ್ವಂತೆ ಅಂದ. ಡಾಕ್ಟ್ರಿಗೆ ಗೊತ್ತೇ ಇರ್ಲಿಲ್ಲ ಅಂದ್ರೆ… ನಮ್ಮಪ್ಪ ನನ್ಗೆ ಯಾಕೆ ಸುಳ್ಳು ಏಳ್ದ? ನನ್ ರಜೆ ಓಗುತ್ತೆ ಅಂತಾನಾ?"

ನನಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಮತ್ತೆ ಅರ್ಧ. ಇಷ್ಟೆಲ್ಲ ಆದ ಮೇಲೂ, ಅವಳ ಕೈ ಹಿಡಿದು ನಿಲ್ಲಿಸಿದ ಮೇಲೂ, ಅರ್ಧ. ಅವಳು ಬಸ್ಸಿಗೆ ಹೋದಳು, ರಜೆಯ ಯೋಚನೆಯನ್ನು ತಲೆಯಲ್ಲಿ ತುಂಬಿಕೊಂಡು. ಒಂದು ಭಾರ ಇಳಿಸುತ್ತೇನೆಂದು ನಿಲ್ಲಿಸಿ, ಇನ್ನೊಂದನ್ನು ಹೊರಿಸಿ ಕಳಿಸಿದೆ.

ಮೇಲೆ 'ಆಮೇಲೆ —' ಎಂದು ಬರೆದು ಭಾಗ್ಯ ಬಂದಳು ಎಂದು ದಾಟಿಹೋಗಿದ್ದೇನೆ. ಭಾಗ್ಯ ಬರುವುದಕ್ಕೆ ಮೊದಲು ನಡೆದದ್ದು ಇದು. ಡಾಕ್ಟರು ನಕ್ಕು, ಸಹಿ ಮಾಡಿ ಮುಂದಿನ ಹಾಸಿಗೆಗೆ ಹೋದರು. ಅವರು ಯಾಕೆ ನಕ್ಕರೆಂದು ಮುನಿವೆಂಕಟಪ್ಪನವರಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದರು. ತುಂಬ ಮೆತ್ತಗೆ, ನನಗೆ ತೊಂದರೆ ಕೊಡುತ್ತಿದ್ದೇನೋ ಎಂಬಂತೆ ಕೇಳಿದರು:

"ಸದ್ದಿನ ವಿಷ್ಯ ಏಳಿದ್ಯಾ ತಾಯಿ?"

"ಹೇಳಿದೆ. ಏನೂ ಇಲ್ಲವಂತೆ."

ಅವರು ಉಸಿರು ಬಿಟ್ಟರು. ಭುಜ ಇಳಿಯಿತು. ದಿಂಬನ್ನು ಪಕ್ಕಕ್ಕೆ ಇಟ್ಟರು. "ಅಂಗಾರೆ ಸರಿ ಬುಡು" ಎಂದರು.

ಡಾಕ್ಟರಿಗೆ ಹೇಳದೆ ಬಿಟ್ಟದ್ದಕ್ಕೆ ಆ ಗಳಿಗೆಯ ದುರಾಸೆ ಎನ್ನಬಹುದೇನೋ. ಇದು ಹಾಗಲ್ಲ. ಅವರು ನನಗೆ ಇನ್ನೊಂದು ಸಲ ಅವಕಾಶ ಕೊಟ್ಟಿದ್ದರು. ಡಾಕ್ಟರು ಒಂದೇ ಹಾಸಿಗೆ ಆಚೆ ನಿಂತಿದ್ದರು, ಕೂಗಿದರೆ ಸಾಕಿತ್ತು. ನಾನು ಆ ಸುಳ್ಳನ್ನು ಅವರ ಕೈಗೆ ಕೊಟ್ಟು ಮನೆಗೆ ಕಳಿಸಿದೆ. ಮನೆಯಲ್ಲಿ ಕಟಕ್ ಎಂದಾಗಲೆಲ್ಲ ಅವರು ಅದನ್ನು ನೆನೆಸಿಕೊಂಡಿರಬೇಕು, ಡಾಕ್ಟರಿಗೆ ಗೊತ್ತು, ಏನೂ ಇಲ್ಲವಂತೆ. ಮಗಳು ಕೇಳಿದಾಗಲೂ ಅದನ್ನೇ ಹೇಳಿದರು. ಹೊಲಿಗೆ ಬಾಯಿಬಿಡುವವರೆಗೆ ಸುಮ್ಮನಿದ್ದರು, ನನ್ನ ಮಾತು ನಂಬಿ.

ಇದನ್ನು ನಾನು ಯಾರಿಗೂ ಹೇಳಿಲ್ಲ. ನನಗೇ ಹೇಳಿಕೊಳ್ಳುವಾಗಲೂ 'ಆಮೇಲೆ ಭಾಗ್ಯ ಬಂದಳು' ಎಂದೇ ಹೇಳಿಕೊಂಡಿದ್ದೆ.

ನಾಳೆ ಭಾನುವಾರ. ಅವರ ಮನೆಯ ಜಗಲಿಯಲ್ಲಿ ಕೂತಾಗ ನನಗೆ ಮತ್ತೆ ಅರ್ಧದ ಆಸೆ ಹುಟ್ಟುತ್ತದೆ ಎಂದು ಗೊತ್ತು. ನೀರು ಕೊಡುತ್ತಾರೆ, ನಾರಾಯಣಮ್ಮ ನನ್ನ ಆರೋಗ್ಯ ವಿಚಾರಿಸುತ್ತಾರೆ, ಕೃಷ್ಣಪ್ಪ ಮೇಡಮ್ಮ ಎನ್ನುತ್ತಾರೆ. ಅಷ್ಟಕ್ಕೇ ನಾಲಿಗೆ ದಾರಿ ಹುಡುಕತೊಡಗುತ್ತದೆ. ಅದಕ್ಕೇ ಇವತ್ತು ಇದನ್ನು ಬರೆದಿಟ್ಟೆ, ಪೂರ್ತಿಯಾಗಿ ಒಂದು ಸಲವಾದರೂ ಹೊರಗೆ ಬಂದಿರಲಿ ಎಂದು. ಮಂಗಳವಾರದ ಮಾತಾಗಲಿ, ಮಷಿನ್ನಿನ ಮಾತಾಗಲಿ ಮೊದಲು ಎತ್ತುವುದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ, ಕೇಳಿದರೆ ಅವರು ಕೊಟ್ಟುಬಿಡುವ ಜನ. ಅವಳ ಚಿಕ್ಕಪ್ಪ ಕೇಳುವ ಹಾಗೆ, ಅವಳ ಅಮ್ಮ ಕೇಳುವ ಹಾಗೆ, ಮೊದಲ ಮಾತು ಇದನ್ನೇ ಆಡುತ್ತೇನೆ — ಭಾಗ್ಯ, ನಿಮ್ಮಪ್ಪ ನಿನಗೆ ಸುಳ್ಳು ಹೇಳಲಿಲ್ಲ.